ಸಾಲಗುಂದದವರೆಗೆ ಓಡದ ಲೂಪ್

ನಾನು ಸಿಂಧನೂರಿನ ಒಂದು ಚಿಕ್ಕ ರಕ್ತನಿಧಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಸೇರಿದಾಗ ಇಪ್ಪತ್ತಮೂರು ವರ್ಷ, ಈಗ ನಲವತ್ತೊಂದು. ರಕ್ತ ಕೊಡಲು ಬಂದವರನ್ನು ಮಾತನಾಡಿಸುತ್ತಾ ಸೂಜಿ ಚುಚ್ಚುವುದು, ಗುಂಪು ನೋಡುವುದು, ಚೀಲಕ್ಕೆ ಚೀಟಿ ಅಂಟಿಸುವುದು, ಫ್ರಿಜ್ಜಿನ ಉಷ್ಣತೆ ಬರೆದಿಡುವುದು ನನ್ನ ಕೆಲಸ. ಇಂಥ ನಾನು ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಹೊರಟದ್ದಕ್ಕೆ ಎರಡು ರಿಜಿಸ್ಟರು ಮತ್ತು ಒಂದು ಪ್ಲಾಸ್ಟಿಕ್ ಫೈಲು ಕಾರಣ.

ಸಿಂಧನೂರಿನ ರಿಜಿಸ್ಟರು ಹಳೆಯದು. ನನಗಿಂತ ಮುಂಚೆ ಇದ್ದವರು ಅದನ್ನು ಊರಿನ ಪ್ರಕಾರ ಬರೆದಿದ್ದರು. ಊರಿಗೊಂದು ಪುಟ, ಪುಟದೊಳಗೆ ರಕ್ತದ ಗುಂಪು, ಗುಂಪಿನ ಕೆಳಗೆ ದಾನಿಗಳ ಹೆಸರು ಮತ್ತು ಫೋನ್ ನಂಬರು. ಲಿಂಗಸುಗೂರಿನ ಶಿಬಿರಗಳಲ್ಲಿ ಬರೆದ ರಿಜಿಸ್ಟರು ಇದಕ್ಕೆ ತಿರುವುಮುರುವು. ಅಲ್ಲಿ ಮೊದಲು ಗುಂಪು, ಗುಂಪಿನೊಳಗೆ ಊರು. ಮಸ್ಕಿಗೆ ರಿಜಿಸ್ಟರೇ ಇರಲಿಲ್ಲ. ಅದು ತಾಲ್ಲೂಕಾದ ಮೇಲೆ ಸುತ್ತಲಿನ ಎಷ್ಟೋ ಊರುಗಳು ಅದಕ್ಕೆ ಸೇರಿದ್ದವು, ಅಲ್ಲಿನ ದಾನಿಗಳ ಹೆಸರುಗಳು ಬಿಡಿ ಹಾಳೆಗಳಾಗಿ ಆ ಫೈಲಿನಲ್ಲಿ ಬಿದ್ದಿದ್ದವು. ಅಪರೂಪದ ಗುಂಪು ಬೇಕೆಂದು ಫೋನ್ ಬಂದರೆ ನಾನು ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು ಬೆರಳಾಡಿಸುತ್ತಾ ಕೂರಬೇಕಾಗುತ್ತಿತ್ತು. ಒಂದು ಸಲ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಕೇಳಿದವರು ರೋಗಿಯನ್ನು ಬೇರೆ ಊರಿಗೆ ಒಯ್ದಿದ್ದರು. ಅವತ್ತೇ ನಾನು ದೂರಶಿಕ್ಷಣದ ಕಂಪ್ಯೂಟರ್ ಕೋರ್ಸಿನ ಅರ್ಜಿ ತುಂಬಿದೆ. ಅದರಲ್ಲಿ ಕೊನೆಗೆ ಒಂದು ಪ್ರಾಜೆಕ್ಟ್ ಮಾಡಬೇಕು ಎಂದಿತ್ತು. ಏನು ಮಾಡಬೇಕೆಂದು ನನಗೆ ಅರ್ಜಿ ತುಂಬುವಾಗಲೇ ಗೊತ್ತಿತ್ತು.

ನಮ್ಮ ಡಾಕ್ಟರ್ ಸಾಹೇಬರಿಗೆ ಹೇಳಿದಾಗ ಅವರು ಕನ್ನಡಕದ ಮೇಲಿಂದ ನೋಡಿದರು.

"ಮಾಡ್ರಿ. ಆದ್ರ ರಿಜಿಸ್ಟರ್ ಬಿಸಾಕಬ್ಯಾಡ್ರಿ," ಎಂದರು.

ಕೋರ್ಸಿನ ಪುಸ್ತಕಗಳು ಪೋಸ್ಟಿನಲ್ಲಿ ಬಂದವು. ಉಳಿದವನ್ನು ಓದಿ ತಿಳಿದುಕೊಂಡೆ, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪುಸ್ತಕ ಮಾತ್ರ ಒಳಗೇ ಬಿಡಲಿಲ್ಲ. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮೇಡಂ ಒಬ್ಬರು ಭಾನುವಾರ ತಮ್ಮ ಮನೆಯ ಮಾಳಿಗೆಯಲ್ಲಿ ಪಾಠ ಹೇಳುತ್ತಾರೆಂದು ತಿಳಿಯಿತು. ನಮ್ಮ ಓಣಿಯ ಬುದ್ಧವಿಹಾರದಲ್ಲಿ ಭಾನುವಾರ ಬೆಳಿಗ್ಗೆ ವಂದನೆ ಇರುತ್ತದೆ, ಅದನ್ನು ನಾನು ತಪ್ಪಿಸಿದವಳಲ್ಲ. ಆ ವರ್ಷ ತಪ್ಪಿಸಿದೆ. ಎಂಟು ಗಂಟೆಯ ಬಸ್ಸು ಹಿಡಿದು ಮಸ್ಕಿ ದಾಟಿ ಲಿಂಗಸುಗೂರು ಮುಟ್ಟಿದರೆ ಹತ್ತಕ್ಕೆ ಪಾಠ. ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ಮೊದಮೊದಲು ಇದು ಹಿಡಿಸಲಿಲ್ಲ.

"ವಾರಕ್ಕೊಂದು ಸೂಟಿ. ಅದೂ ಬಸ್ಸಿನ್ಯಾಗ ಕಳೀತಿ. ಏನ್ ಸಿಗತೈತಿ ಬೇ ನಿನಗ?" ಎಂದ.

"ಇನ್ನೂ ಗೊತ್ತಿಲ್ಲ. ಸಿಕ್ಕ ಮ್ಯಾಲೆ ಹೇಳ್ತೀನಿ," ಎಂದೆ. ಅವನು ಆಮೇಲೆ ಕೇಳಲಿಲ್ಲ. ಭಾನುವಾರದ ರೊಟ್ಟಿ ತಾನೇ ಬಡಿಯಲು ಶುರು ಮಾಡಿದ. ಮೂಲೆಗಳೆಲ್ಲ ಸೀಳಿರುತ್ತಿದ್ದವು, ಆದರೆ ಬೆಂದಿರುತ್ತಿದ್ದವು.

ಮೇಡಂ ನನಗಿಂತ ಹತ್ತು ವರ್ಷ ಚಿಕ್ಕವರು. ಕಡುನೀಲಿ ಸೀರೆಯ ಸೆರಗಿಗೆ ಯಾವಾಗಲೂ ಸೀಮೆಸುಣ್ಣ ಮೆತ್ತಿರುತ್ತಿತ್ತು. ಹುರಿದ ಶೇಂಗಾ ತಿನ್ನುತ್ತಾ ಪಾಠ ಹೇಳುವರು, ನಮ್ಮ ಕೀಲಿಮಣೆಗೆ ಮಾತ್ರ ಎಂದೂ ಕೈ ಹಚ್ಚುತ್ತಿರಲಿಲ್ಲ. "ನೀವ ಹೊಡೀರಿ. ನಾ ಹೊಡದ್ರ ನನಗ ಬರತೈತಿ," ಎನ್ನುವರು. ನನ್ನನ್ನು ಅಕ್ಕಾರ ಎಂದು ಕರೆಯುವರು. ನಾನು ಮೇಡಂ ಎನ್ನುವೆ.

ಪಟ್ಟಿ ಮತ್ತು ಮ್ಯಾಪ್ ಎಂಬ ಎರಡು ವಸ್ತು ಕಲಿಸಿದ ದಿನ ನನಗೆ ನಿಜವಾಗಿ ಖುಷಿಯಾಯಿತು. ಪಟ್ಟಿ ಎಂದರೆ ಒಂದರ ಕೆಳಗೆ ಒಂದು ಹೆಸರು. ಮ್ಯಾಪ್ ಎಂದರೆ ಒಂದು ಗುರುತು ಕೊಟ್ಟರೆ ಅದಕ್ಕೆ ಸೇರಿದ್ದನ್ನು ತೆಗೆದುಕೊಡುವ ವ್ಯವಸ್ಥೆ: ಊರಿನ ಹೆಸರು ಕೊಟ್ಟರೆ ಆ ಊರಿನ ಪುಟ. ಮ್ಯಾಪಿನೊಳಗೆ ಇನ್ನೊಂದು ಮ್ಯಾಪ್ ಇಡಬಹುದು, ಅದರೊಳಗೆ ಪಟ್ಟಿ ಇಡಬಹುದು. ಸಿಂಧನೂರಿನ ರಿಜಿಸ್ಟರು ಇದ್ದದ್ದೇ ಹಾಗೆ. ಒಳಗಿರುವುದನ್ನೆಲ್ಲ ಒಂದೊಂದಾಗಿ ನೋಡುತ್ತಾ ಹೋಗಲು ಲೂಪ್ ಬರೆಯಬೇಕು. ಮೊದಲು ಊರೂರಿಗೆ ಹೋಗುವ ಲೂಪ್, ಅದರೊಳಗೆ ಗುಂಪುಗಳಿಗೆ ಹೋಗುವ ಲೂಪ್, ಅದರೊಳಗೆ ಒಬ್ಬೊಬ್ಬ ದಾನಿಯ ಬಳಿ ಹೋಗುವ ಲೂಪ್.

"ಆದ್ರ ಒಂದು ಕರಾರು ಐತಿ ಅಕ್ಕಾರ," ಎಂದರು ಮೇಡಂ. "ಈ ಭಾಷಾದಾಗ ಯಾವುದ್ರಾಗ ಏನ್ ಇಡ್ತೀರಿ ಅನ್ನೋದು ಮೊದ್ಲ ಬರದು ಕೊಡಬೇಕು. ದಾನಿಗಳ ಪಟ್ಟಿ ಅಂತ ಬರದ್ರ ಅದ್ರಾಗ ದಾನಿ ಬಿಟ್ಟು ಬ್ಯಾರೆ ಏನೂ ಇಡಂಗಿಲ್ಲ. ನಾವು ಬರದದ್ದನ್ನ ಮೊದ್ಲ ತಪಾಸ್ ಮಾಡೋದು ಕಂಪೈಲರ್, ಇಟ್ರ ಅದು ಓಡಾಕ ಬಿಡಂಗಿಲ್ಲ."

ಇದು ನನಗೆ ಹೊಸದೇನಲ್ಲ. ನಮ್ಮ ಲ್ಯಾಬಿನಲ್ಲಿ ನೇರಳೆ ಮುಚ್ಚಳದ ಟ್ಯೂಬು ಒಂದು ಪರೀಕ್ಷೆಗೆ, ಕೆಂಪು ಮುಚ್ಚಳದ್ದು ಇನ್ನೊಂದಕ್ಕೆ. ತಪ್ಪು ಟ್ಯೂಬಿನಲ್ಲಿ ಬಂದ ರಕ್ತವನ್ನು ನಾನೇ ಎಷ್ಟು ಸಲ ವಾಪಸ್ ಕಳಿಸಿದ್ದೇನೆ. ಹಾಗಿದ್ದೂ ಮುಂದೆ ನಾನು ಮಾಡಿದ್ದು ಬೇರೆ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎರಡು ತಿಂಗಳು ಕೂತು ಮೂರು ಕಡೆಯ ಹೆಸರುಗಳನ್ನು ಕಂಪ್ಯೂಟರಿಗೆ ಟೈಪ್ ಮಾಡಿದೆ. ಇದ್ದಂತೆಯೇ ಮಾಡಿದೆ. ಸಿಂಧನೂರಿನದು ಊರು, ಆಮೇಲೆ ಗುಂಪು. ಲಿಂಗಸುಗೂರಿನದು ಗುಂಪು, ಆಮೇಲೆ ಊರು. ಮಸ್ಕಿಯದು ಬರೀ ಉದ್ದನೆಯ ಪಟ್ಟಿ. ಒಂದೇ ಪ್ರೋಗ್ರಾಮಿನಲ್ಲಿ ಮೂರನ್ನೂ ಕೂಡಿಸಲು ಹೋದರೆ ಕಂಪೈಲರ್ ಒಪ್ಪಲಿಲ್ಲ. ಇಲ್ಲಿ ಪಟ್ಟಿ ಇರಬೇಕಿತ್ತು, ನೀನು ಮ್ಯಾಪ್ ಕೊಟ್ಟಿದ್ದೀಯ ಎಂದು ಒಂದು ಸಾಲು; ಇಲ್ಲಿ ಮ್ಯಾಪ್ ಬೇಕು, ನೀನು ದಾನಿಯನ್ನು ಕೊಟ್ಟಿದ್ದೀಯ ಎಂದು ಇನ್ನೊಂದು ಸಾಲು. ಒಂದನ್ನು ಸರಿಪಡಿಸಿದರೆ ಮೂರು ಹೊಸವು ಬರುತ್ತಿದ್ದವು. ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರವಾಗಿತ್ತು. ಆ ವಾರ ಮೇಡಂ ಪರೀಕ್ಷೆಯ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು.

ಪುಸ್ತಕದ ಕೊನೆಯಲ್ಲಿ ನನಗೊಂದು ಅಡ್ಡದಾರಿ ಸಿಕ್ಕಿತು. ಒಳಗಿರುವ ವಸ್ತು ಏನು ಎಂದು ಹೇಳುವ ಜಾಗದಲ್ಲಿ 'ಆಬ್ಜೆಕ್ಟ್' ಎಂದು ಬರೆದರೆ ಒಳಗೆ ಏನು ಬೇಕಾದರೂ ಇಡಬಹುದು. ಆಮೇಲೆ ಬಳಸುವಾಗ 'ಇದು ಪಟ್ಟಿಯೇ, ನನ್ನನ್ನು ನಂಬು' ಎಂದು ಒತ್ತಾಯದಿಂದ ಹೇಳಬಹುದು. ಬರೆದೆ. ಕಂಪೈಲರ್ ತೆಪ್ಪಗಾಯಿತು. ಓಡಿಸಿದಾಗ ನಡುವೆ ಎಲ್ಲೋ ಎಡವಿತು. ಅದಕ್ಕೂ ಪುಸ್ತಕದಲ್ಲಿ ಉಪಾಯವಿತ್ತು: ಎರರ್ ಬಂದರೆ ಅದನ್ನು ಹಿಡಿದುಕೊಂಡು ಸುಮ್ಮನಿರು ಎಂದು ಹೇಳುವ ನಾಲ್ಕು ಸಾಲು. ಅದನ್ನೂ ಸೇರಿಸಿದೆ. ಎ ಪಾಸಿಟಿವ್ ಎಂದು ಕೇಳಿದರೆ ಉದ್ದಕ್ಕೆ ಹೆಸರುಗಳು ಬಂದವು. ಬಿ ಪಾಸಿಟಿವ್ ಕೇಳಿದರೂ ಬಂದವು. ಎಷ್ಟು ಹೆಸರು ಬರಬೇಕಿತ್ತು ಎಂದು ನಾನು ಎಣಿಸಲಿಲ್ಲ. ಡಾಕ್ಟರ್ ಸಾಹೇಬರನ್ನು ಕರೆದು ತೋರಿಸಿದೆ. ಅವರು "ಭೇಷ್" ಎಂದರು. ರಿಜಿಸ್ಟರುಗಳನ್ನು ಕಪಾಟಿನ ಮೇಲಿನ ಖಾನೆಗೆ ಏರಿಸಿದೆ.

ಮೂರು ವಾರ ಕಳೆದಿರಬೇಕು. ಒಂದು ಬುಧವಾರ ಬೆಳಿಗ್ಗೆ ಹತ್ತೂವರೆಗೆ ಲಿಂಗಸುಗೂರಿನ ಒಂದು ದವಾಖಾನೆಯಿಂದ ಲೇಡಿ ಡಾಕ್ಟರು ಫೋನ್ ಮಾಡಿದರು. ಹೆರಿಗೆಗೆ ಬಂದ ಹೆಣ್ಣುಮಗಳು, ಮೈಯಲ್ಲಿ ರಕ್ತ ತೀರ ಕಡಿಮೆ, ಓ ನೆಗೆಟಿವ್. ಸಂಜೆಯೊಳಗೆ ಆಪರೇಶನ್ ಮಾಡಲೇಬೇಕು, ಎರಡು ಚೀಲ ಬೇಕು. ನಮ್ಮ ಫ್ರಿಜ್ಜಿನಲ್ಲಿ ಆ ಗುಂಪಿನ ಒಂದು ಚೀಲವೂ ಇರಲಿಲ್ಲ. ಓ ನೆಗೆಟಿವ್‌ನವರಿಗೆ ಬೇರೆ ಗುಂಪಿನ ರಕ್ತ ನಡೆಯುವುದಿಲ್ಲ.

"ಒಂದ ನಿಮಿಷ ಮೇಡಂ," ಎಂದು ಪ್ರೋಗ್ರಾಮ್ ತೆರೆದೆ. ಗುಂಪು ಹಾಕಿ ಒತ್ತಿದೆ. ಯಾರೂ ಇಲ್ಲ ಎಂದು ಬಂತು. ಮತ್ತೊಮ್ಮೆ ಒತ್ತಿದೆ. ಯಾರೂ ಇಲ್ಲ.

"ನಮ್ಮ ಕಡೆ ಯಾರೂ ಇಲ್ರೀ," ಎಂದು ಹೇಳಿದೆ.

"ಮೂರೂ ತಾಲ್ಲೂಕು ನೋಡಿದ್ರಿ?"

"ನೋಡೀನ್ರಿ. ಕಂಪ್ಯೂಟರಿನ್ಯಾಗ ನೋಡೀನಿ."

ರಾಯಚೂರಿಗೆ ಕಳಿಸುವ ವ್ಯವಸ್ಥೆ ಮಾಡುತ್ತೇವೆ, ದಾರಿಯಲ್ಲಿ ಏನಾಗುತ್ತದೋ ನೋಡೋಣ ಎಂದು ಅವರು ಫೋನ್ ಇಟ್ಟರು.

ನಾನು ಕೆಲಸಕ್ಕೆ ಮರಳಿದೆ. ಬೆಳಗಿನ ಟ್ಯೂಬುಗಳಿಗೆ ನಂಬರು ಬರೆಯುತ್ತಿದ್ದೆ. ಕಾಲು ಗಂಟೆಯಾಗಿರಬಹುದು, ಸಿಂಧನೂರು ತಾಲ್ಲೂಕಿನ ಸಾಲಗುಂದದ ಒಬ್ಬರ ನೆನಪಾಯಿತು. ಕಿರಾಣಿ ಅಂಗಡಿ ಇಟ್ಟುಕೊಂಡ, ದೊಡ್ಡ ಮೀಸೆಯ ಮನುಷ್ಯ. ಅವರ ಗುಂಪು ನೋಡಿದವಳು ನಾನೇ. ಓ ನೆಗೆಟಿವ್ ಎಂದು ಹೇಳಿದಾಗ, "ಅಂದ್ರ ನನ್ನಂಥಾವ್ರು ಭಾಳ ಮಂದಿ ಇಲ್ಲ ಅಂದಂಗಾತು," ಎಂದು ಮೀಸೆಯ ಮೇಲೆ ಕೈ ಆಡಿಸಿದ್ದರು. ಅವರ ಹೆಸರನ್ನು ನನ್ನ ಕೈಯಿಂದಲೇ ಟೈಪ್ ಮಾಡಿದ್ದೆ. ಹಾಗಾದರೆ ಅದು ಎಲ್ಲಿ ಹೋಯಿತು?

ಪೆನ್ನು ಅಲ್ಲೇ ಬಿಟ್ಟು ಸ್ಟೂಲು ಹತ್ತಿ ರಿಜಿಸ್ಟರುಗಳನ್ನು ಇಳಿಸಿದೆ. ಸಾಲಗುಂದದ ಪುಟದಲ್ಲಿ ಅವರ ಹೆಸರು, ನಂಬರು ಸ್ಪಷ್ಟವಾಗಿ ಇತ್ತು. ಮೊದಲು ಲಿಂಗಸುಗೂರಿನ ಆ ಲೇಡಿ ಡಾಕ್ಟರಿಗೆ ಫೋನ್ ಮಾಡಿದೆ.

"ಮೇಡಂ, ಕಳಸಬ್ಯಾಡ್ರಿ. ನಾ ತಪ್ಪು ಹೇಳೀನಿ. ದಾನಿಗಳು ಅದಾರ. ಒಂದು ತಾಸು ಕೊಡ್ರಿ."

"ಖರೇ ಅದಾರ?"

"ಅದಾರ್ರೀ. ರಿಜಿಸ್ಟರ್ ಕೈಯಾಗ ಐತಿ."

"ಒಂದು ತಾಸು. ಅದಕ್ಕಿಂತ ಜಾಸ್ತಿ ನಾ ಕಾಯಂಗಿಲ್ಲ," ಎಂದರು.

ಸಾಲಗುಂದದ ನಂಬರಿಗೆ ಹಚ್ಚಿದೆ. ಒಬ್ಬ ಹೆಂಗಸು ಎತ್ತಿದರು. ನಾನು ರಕ್ತನಿಧಿಯಿಂದ ಎಂದು ಹೇಳಿ, ಅವರ ಮನೆಯವರಿಗೆ ಫೋನ್ ಕೊಡಲು ಕೇಳಿದೆ.

"ಅವ್ರಿಲ್ರೀ."

"ಯಾವಾಗ ಬರ್ತಾರ್ರೀ?"

"ತೀರಿಕೊಂಡು ಎಂಟು ತಿಂಗಳಾತ್ರೀ. ಎದಿನೋವು ಬಂದಿತ್ತು."

ನಮ್ಮ ಪುಸ್ತಕದಲ್ಲಿ ಅವರಿನ್ನೂ ಬದುಕಿದ್ದರು. "ತಪ್ಪಾತ್ರಿ ಅಕ್ಕಾ, ನನಗ ಗೊತ್ತಿರಲಿಲ್ಲ," ಎಂದೆ.

"ಇರಲಿ ಬಿಡ್ರಿ. ಯಾರಿಗೆ ಬೇಕಾಗಿತ್ತು?"

"ಹಡಿಯಾಕ ಬಂದ ಹೆಣ್ಮಗಳಿಗೆ. ಲಿಂಗಸೂರಾಗ."

ಆಮೇಲೆ ಅವರು, "ನಮ್ಮ ಮೈದುನ ಜವಳಗೇರ್ಯಾಗ ಅದಾನ. ಅಣ್ಣಂದೂ ತನ್ನದೂ ಒಂದ ಗುಂಪು ಅಂತ ಹೇಳ್ತಿದ್ದ. ನಂಬರ್ ಬರಕೊಳ್ರಿ," ಎಂದರು. ನಾನು ಬರೆದುಕೊಂಡೆ. "ತಡೀರಿ, ಮೊದ್ಲ ನಾ ಫೋನ್ ಮಾಡ್ತೀನಿ. ಗುರ್ತಿಲ್ಲದ ನಂಬರ್ ಅಂದ್ರ ಅಂವ ಎತ್ತಂಗಿಲ್ಲ."

ಐದು ನಿಮಿಷದಲ್ಲಿ ಅವರ ಮೈದುನನೇ ನನಗೆ ಫೋನ್ ಮಾಡಿದ. ಗದ್ದೆಯಲ್ಲಿ ನಾಟಿ ನಡೆದಿದೆ, ಆಳುಗಳಿಗೆ ಹೇಳಿ ಹೊರಡುತ್ತೇನೆ ಎಂದ. ಅಷ್ಟರಲ್ಲಿ ಲಿಂಗಸುಗೂರಿನ ರಿಜಿಸ್ಟರಿನಲ್ಲಿ ಇನ್ನೊಬ್ಬರು ಸಿಕ್ಕರು. ಅದೇ ಊರಿನ ಒಂದು ಗ್ಯಾರೇಜಿನ ಮೆಕ್ಯಾನಿಕ್. ಅವರು ಹೆಚ್ಚು ಕೇಳಲೇ ಇಲ್ಲ. "ಸಿಂಧನೂರಿಗೆ ಬರಬೇಕೇನ್ರಿ? ಒಂದು ಬಸ್ ಈಗ ಐತಿ," ಎಂದರು, ಅಷ್ಟೇ. ಇಬ್ಬರು ಹೊರಟಿದ್ದಾರೆಂದು ತಾಸಿನೊಳಗೇ ಲೇಡಿ ಡಾಕ್ಟರಿಗೆ ತಿಳಿಸಿದೆ.

ಜವಳಗೇರಾದಿಂದ ಬಂದವನ ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗಿತ್ತು. ಬಾಗಿಲಲ್ಲೇ ನಿಂತು ನಲ್ಲಿ ಎಲ್ಲಿದೆ ಎಂದು ಕೇಳಿ ಕಾಲು ತೊಳೆದುಕೊಂಡು ಬಂದ. ಗುಂಪು ನೋಡಿದೆ. ಓ ನೆಗೆಟಿವ್. ಮಂಚದ ಮೇಲೆ ಮಲಗಿಸಿ ತೋಳಿಗೆ ಪಟ್ಟಿ ಕಟ್ಟುವಾಗ ಅವನು ಸೂರಿನ ಕಡೆ ನೋಡುತ್ತಾ, "ನಮ್ಮಣ್ಣನೂ ಇಲ್ಲೇ ಮಲಗಿದ್ನೇನ್ರಿ?" ಎಂದ.

"ಹೌದ್ರೀ. ಇದೇ ಮಂಚ."

ರಕ್ತ ಚೀಲಕ್ಕೆ ಇಳಿಯುವಷ್ಟು ಹೊತ್ತು ಮುಷ್ಟಿಯನ್ನು ಬಿಗಿದು ಸಡಿಲಿಸುತ್ತಾ ಮಲಗಿದ್ದ.

ಮೆಕ್ಯಾನಿಕ್ ಬಸ್ಸಿನಲ್ಲಿ ಬಂದು ಕೊಟ್ಟದ್ದೂ ಸೇರಿ ಎರಡೂ ಚೀಲಗಳ ಪರೀಕ್ಷೆ ಮುಗಿಸಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಒಯ್ಯಲು ಬಂದಿದ್ದ ಹೆರಿಗೆಯ ಹೆಣ್ಣುಮಗಳ ಅಣ್ಣನ ಕೈಗೆ ಕೊಟ್ಟಾಗ ಐದು ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು. ಮರುದಿನ ಲೇಡಿ ಡಾಕ್ಟರು ತಾವಾಗಿಯೇ ಫೋನ್ ಮಾಡಿ, ಹೆಣ್ಣು ಮಗು, ತಾಯಿ ಎದ್ದು ಕೂತಿದ್ದಾಳೆ ಎಂದು ಹೇಳಿದರು. ಆಮೇಲೆ ಡಾಕ್ಟರ್ ಸಾಹೇಬರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಮುಚ್ಚಿಡಬಹುದಿತ್ತು, ಎಲ್ಲ ಸುಖವಾಗಿ ಮುಗಿದಿತ್ತು. ಆದರೆ ಎರರ್ ಮುಚ್ಚಿಟ್ಟೇ ಇಷ್ಟಾಗಿತ್ತು.

"ಕಂಪ್ಯೂಟರ್ ಕೈ ಕೊಟ್ಟಿತೇನು?" ಎಂದರು.

"ಕಂಪ್ಯೂಟರಲ್ಲ ಸರ್. ಅದು ಹೇಳಿತ್ತು. ನಾ ಅದರ ಬಾಯಿ ಮುಚ್ಚಿಸಿದ್ದೆ."

ಬೈಯುವರೆಂದು ಕಾದೆ. "ಇನ್ನ ಮ್ಯಾಲೆ ರಿಜಿಸ್ಟರ್ ನೋಡ್ರಿ. ಅದನ್ನ ಬಂದ್ ಮಾಡ್ರಿ," ಎಂದರು.

"ಒಂದು ತಿಂಗಳು ಕೊಡ್ರಿ ಸರ್. ಅಲ್ಲಿ ತನಕ ರಿಜಿಸ್ಟರ್ ನೋಡ್ತೀನಿ. ತಿಂಗಳಾದ ಮ್ಯಾಲೆ ನೀವ ತಪಾಸ್ ಮಾಡ್ರಿ. ಒಂದು ಹೆಸರು ತಪ್ಪಿದ್ರೂ ಅಳಿಸಿ ಹಾಕ್ತೀನಿ."

ಅವರು ಹೂಂ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡೆ.

ಭಾನುವಾರ ಲಿಂಗಸುಗೂರಿಗೆ ಹೋಗಿ ಮೇಡಂ ಮುಂದೆ ಪ್ರೋಗ್ರಾಮ್ ತೆರೆದಿಟ್ಟೆ. ಅವರು ಶೇಂಗಾದ ತಟ್ಟೆ ಬದಿಗಿಟ್ಟು ಓದಿದರು. ಎರರ್ ಹಿಡಿದು ಸುಮ್ಮನಿರಿಸುವ ನಾಲ್ಕು ಸಾಲನ್ನು ಅಳಿಸಿ, ಓ ನೆಗೆಟಿವ್ ಕೇಳಿ ಓಡಿಸಲು ಹೇಳಿದರು. ಈಗ ಪ್ರೋಗ್ರಾಮು ಎಲ್ಲಿ ಬೀಳುತ್ತಿದೆ ಎಂದು ಪರದೆಯೇ ಹೇಳಿತು. ಮಸ್ಕಿಯ ಪಟ್ಟಿ ಮುಗಿಸಿತ್ತು, ಅದರಲ್ಲಿ ಆ ಗುಂಪಿನವರು ಯಾರೂ ಇರಲಿಲ್ಲ. ಲಿಂಗಸುಗೂರಿನದರಲ್ಲಿ ಮುದಗಲ್ ಹತ್ತಿರದ ಒಂದು ಸಣ್ಣ ಹಳ್ಳಿಗೆ ಬಂದು ನಿಂತಿತ್ತು. ಆ ಹಳ್ಳಿಯಲ್ಲಿ ಆ ಗುಂಪಿನವರು ಒಬ್ಬರೇ ಇದ್ದರು, ವಯಸ್ಸು ದಾಟಿ ಈಗ ರಕ್ತ ಕೊಡಲಾಗದವರು. ಒಬ್ಬರಿಗೆ ಪಟ್ಟಿ ಯಾಕೆ ಎಂದು ನಾನು ಅವರನ್ನು ಹಾಗೇ ಬಿಡಿಯಾಗಿ ಇಟ್ಟಿದ್ದೆ. ಲೂಪ್ ಬಂದು ಪಟ್ಟಿ ಕೇಳಿದೆ, ಸಿಕ್ಕಿದ್ದು ಒಬ್ಬ ಮನುಷ್ಯ. ಅಲ್ಲಿಗೇ ಕುಸಿದಿದೆ. ಅದರ ಮುಂದಿನ ಊರುಗಳನ್ನಾಗಲಿ ಸಿಂಧನೂರಿನ ಇಡೀ ರಿಜಿಸ್ಟರನ್ನಾಗಲಿ ಅದು ಅವತ್ತು ಮುಟ್ಟಿಯೇ ಇರಲಿಲ್ಲ. ಸಾಲಗುಂದದವರೆಗೆ ಹೋಗಿಯೇ ಇರಲಿಲ್ಲ.

ಮೇಡಂ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲಿ ಒಳಗ ಏನೈತಿ ಅಂತ ಬರದೀರಿ?"

"ಆಬ್ಜೆಕ್ಟ್ ರೀ."

"ಅಂದ್ರ?"

"ಏನಾದ್ರೂ ಇರಬಹುದು ಅಂತ."

"ಒಳಗ ಏನೈತಿ ಅನ್ನೋದು ನಿಮಗ ಗೊತ್ತಿತ್ತಿಲ್ಲೋ?"

"ಗೊತ್ತಿತ್ತು."

"ಗೊತ್ತಿದ್ದದ್ದು ಯಾಕ ಹೇಳಲಿಲ್ಲ ಅಕ್ಕಾರ?"

ಮೇಡಂ ಸಮಾಧಾನ ಹೇಳಲಿಲ್ಲ. ಸೀಮೆಸುಣ್ಣ ನನ್ನ ಕೈಗೆ ಕೊಟ್ಟು, "ಬರ್ರಿ. ಯಾವುದ್ರಾಗ ಏನಿರತೈತಿ, ಬೋರ್ಡ್ ಮ್ಯಾಲೆ ಬರೀರಿ," ಎಂದರು.

ಬರೆದೆ. ತಾಲ್ಲೂಕಿನೊಳಗೆ ಊರು, ಊರಿನೊಳಗೆ ಗುಂಪು, ಗುಂಪಿನೊಳಗೆ ದಾನಿಗಳ ಪಟ್ಟಿ. ಒಬ್ಬರೇ ಇದ್ದರೂ ಪಟ್ಟಿ, ಯಾರೂ ಇಲ್ಲದಿದ್ದರೂ ಖಾಲಿ ಪಟ್ಟಿ. ಮೂರು ತಾಲ್ಲೂಕಿಗೂ ಇದೊಂದೇ ಆಕಾರ. ಆಮೇಲೆ ದಾನಿ ಎಂದರೆ ಏನು ಎಂದು ಬರೆದೆ: ಹೆಸರು, ಫೋನ್, ಕೊನೆಯ ಸಲ ರಕ್ತ ಕೊಟ್ಟ ದಿನ. ರಕ್ತದ ಗುಂಪು ಮನಸ್ಸಿಗೆ ಬಂದಂತೆ ಬರೆಯುವ ಅಕ್ಷರವಲ್ಲ, ಎಂಟರಲ್ಲಿ ಒಂದು ಮಾತ್ರ ಎಂದು ಕಟ್ಟುಪಾಡು ಹಾಕಿದೆ.

ಸಿಂಧನೂರಿಗೆ ವಾಪಸು ಬಂದು ಪ್ರೋಗ್ರಾಮಿನಲ್ಲಿ ಆಬ್ಜೆಕ್ಟ್ ಎಂಬ ಪದ ಇದ್ದಲ್ಲೆಲ್ಲ ಕಿತ್ತು ಹಾಕಿದೆ. ಇಪ್ಪತ್ತೇಳು ಎರರ್ ಬಂದವು. ಈ ಸಲ ನನಗೆ ಭಯವಾಗಲಿಲ್ಲ. ಹಾಳೆಯ ಮೇಲೆ ಇಪ್ಪತ್ತೇಳರ ತನಕ ಅಂಕಿ ಬರೆದು, ದಿನಕ್ಕೆ ಮೂರೋ ನಾಲ್ಕೋ ಹೊಡೆದುಹಾಕುತ್ತಾ ಹೋದೆ. ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ರೊಟ್ಟಿ ಸುತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಟೈಪ್ ಮಾಡಿದ್ದೂ ಉಂಟು. ಹತ್ತನೇ ದಿನ ಕಂಪೈಲರ್ ಒಪ್ಪಿತು, ಈ ಸಲ ನಾನು ಅದರ ಬಾಯಿ ಮುಚ್ಚಿಸಿರಲಿಲ್ಲ.

ಕೋಡ್ ಸರಿಯಾಯಿತು, ಒಳಗೆ ತುಂಬಬೇಕಾದ ಹೆಸರುಗಳು ಸರಿಯಿರಲಿಲ್ಲ. ಓದಲಾಗದ ಸಾಲು ಸಿಕ್ಕರೆ ಸಾಲಿನ ನಂಬರು ಹೇಳಿ ನಿಂತುಬಿಡು ಎಂದು ಬರೆದಿದ್ದೆ. ಅದು ನಿಂತಿತು, ಮತ್ತೆ ಮತ್ತೆ ನಿಂತಿತು. ಓ ಗುಂಪಿನ ಜಾಗದಲ್ಲಿ ಯಾರೋ ಸೊನ್ನೆ ಬರೆದಿದ್ದರು. ಒಂದು ಕಡೆ ಪಾಸಿಟಿವೋ ನೆಗೆಟಿವೋ ಹೇಳುವ ಗುರುತು ಅಳಿಸಿಹೋಗಿ ಬರೀ ಬಿ ಉಳಿದಿತ್ತು. ಆ ದಾನಿಗೆ ಫೋನ್ ಮಾಡಿ ಕರೆಸಿ ಮತ್ತೆ ಗುಂಪು ನೋಡಿದೆ. ಮಸ್ಕಿಗೆ ಸೇರಿದ ಊರುಗಳ ಕೆಲವರು ಲಿಂಗಸುಗೂರಿನ ರಿಜಿಸ್ಟರಿನಲ್ಲೂ ಇದ್ದರು, ಮಸ್ಕಿಯ ಹಾಳೆಗಳಲ್ಲೂ ಇದ್ದರು. ಯಾವ ಊರು ಈಗ ಯಾವ ತಾಲ್ಲೂಕಿನದು ಎಂದು ಖಚಿತ ಮಾಡಿಕೊಳ್ಳಲು ಒಂದು ಭಾನುವಾರ ಪಾಠ ಮುಗಿಸಿ ಮಸ್ಕಿಯಲ್ಲಿ ಇಳಿದೆ. ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂತು, ಬಂದುಹೋಗುವವರನ್ನು ಅವರವರ ಊರು, ತಾಲ್ಲೂಕು ಕೇಳಿ ಟಿಕ್ ಹಾಕಿಕೊಂಡೆ. ಒಬ್ಬ ಮುದುಕ ನನ್ನನ್ನು ಸರ್ವೇದವಳೆಂದು ತಿಳಿದು ತನ್ನ ಊರಿನ ನೀರಿನ ತೊಂದರೆ ಪೂರಾ ಹೇಳಿದ. ಅದನ್ನೂ ಕೇಳಿಸಿಕೊಂಡೆ.

ಇನ್ನೊಂದು ಕೆಲಸವಿತ್ತು. ಪಟ್ಟಿಯಲ್ಲಿದ್ದ ನೆಗೆಟಿವ್ ಗುಂಪಿನವರಿಗೆಲ್ಲ ಒಬ್ಬೊಬ್ಬರಿಗೆ ಫೋನ್ ಮಾಡಿದೆ. ಇದ್ದಾರೋ ಇಲ್ಲವೋ ಎಂದು ಹೇಗೆ ಕೇಳುವುದು? "ಆರಾಮ ಅದೀರಿಲ್ರೀ?" ಎಂದು ಶುರು ಮಾಡುತ್ತಿದ್ದೆ. ಹೆಚ್ಚಿನವರು ಆರಾಮಿದ್ದರು. ಕೆಲವರು ಊರು ಬಿಟ್ಟಿದ್ದರು. ಇಬ್ಬರು ಇಲ್ಲವಾಗಿದ್ದರು, ಸಾಲಗುಂದದವರನ್ನೂ ಸೇರಿಸಿದರೆ ಮೂವರು. ತೀರಿಕೊಂಡ ಆ ಮೂವರ ಹೆಸರು ತೆಗೆಯಲು ಲೂಪ್ ಬರೆದೆ: ಪಟ್ಟಿಯಲ್ಲಿ ನಡೆಯುತ್ತಾ ಹೋಗು, ಈ ಹೆಸರು ಸಿಕ್ಕರೆ ತೆಗೆ. ಪ್ರೋಗ್ರಾಮು ತಕ್ಷಣ ನಿಂತಿತು. ಮೇಡಂಗೆ ಫೋನ್ ಮಾಡಿದೆ.

"ಪಟ್ಟ್ಯಾಗ ಅಡ್ಡಾಡುವಾಗ ಅದೇ ಪಟ್ಟಿ ಕೀಳಾಕ ಹೋಗಬ್ಯಾಡ್ರಿ," ಎಂದರು. "ಮೊದ್ಲ ಪೂರಾ ನೋಡಿ ಯಾರನ್ನ ತಗೀಬೇಕು ಅಂತ ಬ್ಯಾರೆ ಬರಕೊಳ್ರಿ. ಅಡ್ಡಾಡೋದು ಮುಗಿದ ಮ್ಯಾಲೆ ತಗೀರಿ."

ಹಾಗೇ ಮಾಡಿದೆ. ತೆಗೆಯಬೇಕಾದವರ ಪಟ್ಟಿ ಪರದೆಯ ಮೇಲೆ ಬಂದಾಗ ಒಂದೊಂದು ಹೆಸರನ್ನೂ ಓದಿದೆ. ಒತ್ತುವ ಮುಂಚೆ ಸಾಲಗುಂದದ ಅಕ್ಕನಿಗೆ ಫೋನ್ ಮಾಡಿ, ಅವರ ಮನೆಯವರ ಹೆಸರು ತೆಗೆಯುತ್ತಿದ್ದೇನೆ, ಹೇಳದೆ ತೆಗೆಯಲು ಮನಸ್ಸಾಗಲಿಲ್ಲ ಎಂದೆ.

"ತಗೀರಿ. ನಮ್ಮೂರಿನ ಪುಟದಾಗ ನನ್ನ ಹೆಸರು ಬರೀರಿ," ಎಂದರು ಅವರು. "ನನ್ನ ಗುಂಪು ಯಾವುದೈತೋ ಗೊತ್ತಿಲ್ಲ. ಸೋಮವಾರ ಸಂತಿಗೆ ಬರ್ತೀನಲ್ಲ, ಅವಾಗ ನೋಡ್ರಿ."

ಸೋಮವಾರ ಬಂದರು. ಬಿ ಪಾಸಿಟಿವ್. ರಕ್ತ ಕೊಟ್ಟು, ನಾವು ಕೊಟ್ಟ ಬಿಸ್ಕತ್ತನ್ನು ಸೆರಗಿನಲ್ಲಿ ಕಟ್ಟಿಕೊಂಡು, ಚಹಾ ಕುಡಿದು ಹೋದರು.

ತಿಂಗಳು ತುಂಬಿದ ದಿನ ಡಾಕ್ಟರ್ ಸಾಹೇಬರು ಮರೆತಿರಲಿಲ್ಲ. ಮಧ್ಯಾಹ್ನ ಎರಡು ರಿಜಿಸ್ಟರು, ಫೈಲು ಇಳಿಸಿಕೊಂಡು ನನ್ನೆದುರು ಕೂತರು. ತಾವೇ ಪುಟ ತಿರುವಿ ಊರು, ಗುಂಪು ಹೇಳುವರು, ನಾನು ಒತ್ತಬೇಕು. ಅವರು ಬೇಕೆಂದೇ ಒಬ್ಬರೇ ದಾನಿಯಿರುವ ಊರುಗಳನ್ನು ಹುಡುಕಿದರು. ಯಾರೂ ಇಲ್ಲದ ಊರನ್ನೂ ಕೇಳಿದರು. ಎರಡು ಕಡೆ ಇದ್ದವರನ್ನು ಕೇಳಿದರು. ಎಂಟೂ ಗುಂಪುಗಳನ್ನು ಮೂರೂ ತಾಲ್ಲೂಕಿಗೆ ಕೇಳಿ, ಬಂದ ಹೆಸರುಗಳನ್ನು ಎಣಿಸಿ, ರಿಜಿಸ್ಟರಿನಲ್ಲಿ ಎಣಿಸಿ ಹೊಂದಿಸಿದರು. ಒಟ್ಟು ಮೂರು ಹೆಸರು ಕಡಿಮೆ ಬಂದವು. ಆಮೇಲೆ ನೋಡಿದರೆ ಅವು ತೀರಿಕೊಂಡವರೆಂದು ನಾನು ತೆಗೆದ ಹೆಸರುಗಳು. ಅವರು ಪೆನ್ನಿನಿಂದ ರಿಜಿಸ್ಟರಿನಲ್ಲೂ ಆ ಮೂರು ಹೆಸರಿನ ಮುಂದೆ ಗುರುತು ಹಾಕಿದರು.

ಸುಮಾರು ಎರಡು ತಾಸು ಹಿಡಿಯಿತು. ಕೊನೆಗೆ ರಿಜಿಸ್ಟರು ಮುಚ್ಚಿ, "ನಾಳೆಯಿಂದ ಚಾಲೂ ಮಾಡ್ರಿ. ಆದ್ರ ಇಲ್ಲ ಅಂತ ಬಂದ್ರ, ಎಷ್ಟು ಊರು ನೋಡಿ ಇಲ್ಲ ಅಂದಿತು ಅನ್ನೋದೂ ತೋರಸ್ಲಿ," ಎಂದರು. ಅದು ನನಗೆ ಹೊಳೆದಿರಲಿಲ್ಲ. ಅವತ್ತೇ ಸೇರಿಸಿದೆ. ಈಗ ಉತ್ತರದ ಕೆಳಗೆ ಎಷ್ಟು ಊರು, ಎಷ್ಟು ಪಟ್ಟಿ ನೋಡಲಾಯಿತು ಎಂಬ ಸಾಲು ಬರುತ್ತದೆ.

ಇಷ್ಟರಲ್ಲಿ ಪ್ರಾಜೆಕ್ಟ್ ಒಪ್ಪಿಸುವ ದಿನ ದಾಟಿಹೋಗಿತ್ತು, ಆ ಮೊದಲ ಪ್ರೋಗ್ರಾಮನ್ನು ನಾನು ಒಪ್ಪಿಸಿರಲಿಲ್ಲ. ದಂಡ ಕಟ್ಟಿ ಮುಂದಿನ ಸಲ ಒಪ್ಪಿಸಿದೆ, ಆರು ತಿಂಗಳು ತಡವಾಗಿ ಪಾಸಾದೆ.

ಕಳೆದ ತಿಂಗಳು ಮಸ್ಕಿಯಿಂದ ಎ ನೆಗೆಟಿವ್ ಬೇಕೆಂದು ಕೇಳಿದರು. ಬೈಕಿನಿಂದ ಬಿದ್ದ ಹುಡುಗಿ, ತೊಡೆಯ ಮೂಳೆ ಮುರಿದಿತ್ತು. ಒತ್ತಿದೆ. ಎಲ್ಲ ಊರು ನೋಡಿ ನಾಲ್ಕು ಹೆಸರು ಕೊಟ್ಟಿತು. ಮೊದಲನೆಯವರು ರಕ್ತ ಕೊಟ್ಟು ಇನ್ನೂ ಮೂರು ತಿಂಗಳಾಗಿರಲಿಲ್ಲ. ಎರಡನೆಯವರು ಒಬ್ಬ ಅಂಗನವಾಡಿ ಕಾರ್ಯಕರ್ತೆ. ಮಕ್ಕಳಿಗೆ ಊಟಕ್ಕೆ ಬಡಿಸುತ್ತಿದ್ದೇನೆ, ಮುಗಿದ ಕೂಡಲೇ ಬರುತ್ತೇನೆ ಎಂದರು. ಹಿಂದೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು. ಅವರು ಬರುವಷ್ಟರಲ್ಲಿ ಮಂಚದ ಮೇಲೆ ಒಗೆದ ಚಾದರ ಹಾಸಿ, ಹೊಸ ಚೀಲಕ್ಕೆ ಚೀಟಿ ಬರೆದಿಟ್ಟೆ.